ಟ್ರೇನಿಂಗ್ ಮುಗೀತು, ಸ್ಕೋರ್ ಎಷ್ಟು?

ನಾನು ಮ್ಯಾನೇಜರ್‌ಗಳಿಗೆ ಕೊಡೋ ಲೀಡರ್‌ಶಿಪ್ ಟ್ರೇನಿಂಗ್ ಮುಗಿದ ತಕ್ಷಣ ಎಚ್‌ಆರ್‌ನವ್ರು ಮೊದ್ಲು ಕೇಳೋದು ಫೀಡ್‌ಬ್ಯಾಕ್ ಸ್ಕೋರ್ ಎಷ್ಟು ಬಂತು ಅಂತ. ಐದಕ್ಕೆ ನಾಲ್ಕೂವರೆ ದಾಟಿದ್ರೆ ಎಲ್ರಿಗೂ ಖುಷಿ. ಆದ್ರೆ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಹೇಳಿದ್ರಲ್ಲ, ಬಂದವ್ರಿಗೆ ಇಷ್ಟ ಆಯ್ತಾ, ಏನಾದ್ರೂ ಕಲಿತ್ರಾ, ವಾಪಸ್ ಹೋಗಿ ಸೀಟಲ್ಲಿ ಕೂತ್ಮೇಲೆ ನಡವಳಿಕೆ ಬದಲಾಯ್ತಾ, ಅದ್ರಿಂದ ಸಂಸ್ಥೆಗೆ ಏನು ಸಿಕ್ತು, ಹೀಗೆ ನಾಲ್ಕು ಹಂತದಲ್ಲಿ ಅಳೀಬೇಕು ಅಂತ, ನಾವು ಮೊದಲ್ನೇದ್ರಲ್ಲೇ ನಿಂತು ಗ್ರೂಪ್ ಫೋಟೋ ತೆಗ್ಸಿ ಸರ್ಟಿಫಿಕೇಟ್ ಹಂಚಿ ಮನೆಗೆ ಹೋಗ್ತೀವಿ.

ಕ್ಲಾಸಲ್ಲಿ ನಂಗೆ ಹೇಳೋಕೆ ತುಂಬಾ ಇಷ್ಟ ಹಾರ್ವರ್ಡ್ ಪ್ರೊಫೆಸರ್ ಏಮಿ ಎಡ್ಮಂಡ್‌ಸನ್ ಅವ್ರ ಸ್ಟಡಿ. ಒಳ್ಳೆ ಟೀಮ್ ಇರೋ ಆಸ್ಪತ್ರೆ ವಾರ್ಡ್‌ಗಳಲ್ಲಿ ಔಷಧಿ ಕೊಡೋದ್ರಲ್ಲಿ ತಪ್ಪು ಕಮ್ಮಿ ಇರತ್ತೆ ಅಂದ್ಕೊಂಡು ಹೋದ್ರೆ ಲೆಕ್ಕ ಉಲ್ಟಾ, ಅಲ್ಲೇ ಜಾಸ್ತಿ! ಕೆದಕಿ ನೋಡಿದಾಗ ಕಂಡಿದ್ದು ಏನಂದ್ರೆ, ಅವ್ರು ಜಾಸ್ತಿ ತಪ್ಪು ಮಾಡ್ತಿದ್ರು ಅಂತಲ್ಲ, ಆದ ತಪ್ಪನ್ನ ಬಾಯಿಬಿಟ್ಟು ಹೇಳ್ತಿದ್ರು, ಬೈಸ್ಕೊಳ್ಳೋ ಭಯ ಇದ್ದ ಕಡೆ ಮುಚ್ಚಿಡ್ತಿದ್ರು. 1999ರಲ್ಲಿ ಟೀಮ್‌ಗಳ ಬಗ್ಗೆ ಅವ್ರು ಬರೆದ ಪೇಪರ್ ಇವತ್ತಿಗೂ ಪ್ರತಿ ಓಬಿ (ಆರ್ಗನೈಸೇಶನಲ್ ಬಿಹೇವಿಯರ್, ಅಂದ್ರೆ ಸಂಸ್ಥೆಗಳಲ್ಲಿ ಜನ ಹೇಗೆ ನಡ್ಕೊಳ್ತಾರೆ ಅನ್ನೋ ವಿಷಯ) ಸಿಲಬಸ್‌ನಲ್ಲಿ ಇರ್ಬೇಕಾದ್ದು (ನನ್ನ ಅಭಿಪ್ರಾಯ).

ಇದನ್ನ ಹೇಳ್ದಾಗ ಮ್ಯಾನೇಜರ್‌ಗಳೆಲ್ಲ ಜೋರಾಗಿ ತಲೆ ಆಡಿಸ್ತಾರೆ, ಬರ್ಕೊಳ್ತಾರೆ ಕೂಡ. ಬ್ರೇಕಲ್ಲಿ ಹೊರಗಡೆ ಹೋಗಿ ಅವ್ರಲ್ಲೇ ಒಬ್ರು ಫೋನಲ್ಲಿ, "ಯಾರ್ರೀ ಮಾಡಿದ್ದು ಇದನ್ನ, ಮೊದ್ಲು ಹೆಸ್ರು ಹೇಳಿ!"

ಮುಂದಿನ ಬ್ಯಾಚಿಂದ ಸ್ಕೋರ್ ಕೇಳಿದವ್ರಿಗೆ, ಮೂರು ತಿಂಗಳು ಬಿಟ್ಟು ಈ ಮ್ಯಾನೇಜರ್‌ಗಳ ಕೈಕೆಳಗೆ ಕೆಲ್ಸ ಮಾಡೋರನ್ನ ಕೇಳಿ ಅಂತಾನೇ ಹೇಳೋದು ಅಂದ್ಕೊಂಡಿದೀನಿ, ಆಮೇಲೆ ನನ್ನ ಮತ್ತೆ ಕರೀತಾರೋ ಇಲ್ವೋ ನೋಡೋಣ 😄