ಕಿವಿ ನೋಡುವ ತರಬೇತಿ: ಮೊದಲು ಕೈ, ಆಮೇಲೆ ಕಣ್ಣು

ಕಿವಿ ಪರೀಕ್ಷೆಯ ತರಬೇತಿ ಬಹಳ ಸಲ ರೋಗಗಳ ಸ್ಲೈಡುಗಳಿಂದಲೇ ಶುರುವಾಗುತ್ತದೆ. ತೂತುಬಿದ್ದ ಕಿವಿತಮಟೆ, ಕೀವು, ಬಾವು. ಆರೋಗ್ಯ ಕಾರ್ಯಕರ್ತೆ ಮರುದಿನ ಆಟೋಸ್ಕೋಪ್ (ಕಿವಿಯೊಳಗೆ ನೋಡುವ ದೀಪದ ಉಪಕರಣ) ಹಿಡಿದರೆ ಕಾಣುವುದು ಮಾತ್ರ ನಾಳದ ಗೋಡೆ, ನಾಲ್ಕು ಕೂದಲು. ಕಾರಣ ಇಷ್ಟೇ: ಕಿವಿನಾಳ ಡೊಂಕು, ಅದನ್ನು ನೇರ ಮಾಡಬೇಕಾದದ್ದು ಕೈ.

ದೊಡ್ಡವರಾದರೆ ಕಿವಿಯ ಆಲೆಯನ್ನು (ಹೊರಗೆ ಕಾಣುವ ಭಾಗ) ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಬೇಕು. ಹಸುಗೂಸಾದರೆ ಕೆಳಕ್ಕೆ ಮತ್ತು ಹಿಂದಕ್ಕೆ. ನಾಳದೊಳಗೆ ಆರಾಮಾಗಿ ಕೂರುವ ಅತಿ ದೊಡ್ಡ ಸ್ಪೆಕ್ಯುಲಮ್ (ಉಪಕರಣದ ತುದಿಯ ಕೊಳವೆ) ಆರಿಸಿ: ದೊಡ್ಡವರಿಗೆ ಸಾಮಾನ್ಯವಾಗಿ 4–5 ಮಿ.ಮೀ., ಹಸುಗೂಸಿಗೆ ಸುಮಾರು 2.5. ಸಣ್ಣದಾದರೆ ನೋವಾಗದು ಎಂಬುದು ತಪ್ಪು ಲೆಕ್ಕ. ಅದು ಸಲೀಸಾಗಿ ಆಳಕ್ಕೆ ಜಾರುತ್ತದೆ. ಒಳಗಿನ ಮೂರನೇ ಎರಡು ಭಾಗ ಮೂಳೆಯ ಮೇಲೆ ತೆಳು ಚರ್ಮ, ಮುಟ್ಟಿದರೆ ಸಾಕು, ರೋಗಿ ಚೀರುತ್ತಾರೆ. ಆಟೋಸ್ಕೋಪನ್ನು ಪೆನ್ನಿನ ಹಾಗೆ ಹಿಡಿದು ಕಿರುಬೆರಳನ್ನು ಕೆನ್ನೆಗೆ ಊರಿ. ಮಗು ತಟ್ಟನೆ ತಲೆ ತಿರುಗಿಸಿದರೆ ಕೈಯೂ ಜೊತೆಗೇ ತಿರುಗುತ್ತದೆ, ತಮಟೆಗೆ ಪೆಟ್ಟಾಗುವುದಿಲ್ಲ.

ಉಪಕರಣ ಎತ್ತುವ ಮೊದಲು ಕಿವಿಯ ಹಿಂಭಾಗ ನೋಡಿ. ಅಲ್ಲಿ ಬಾವು ಬಂದು ಆಲೆ ಮುಂದಕ್ಕೆ ತಳ್ಳಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳಿಸಿ. ನೋವಿಲ್ಲದ ಕಿವಿಯನ್ನೇ ಮೊದಲು ನೋಡಿ: ಹೋಲಿಕೆಗೆ ಅಳತೆ ಸಿಗುತ್ತದೆ, ಸೋಂಕೂ ದಾಟದು.

ಬ್ಯಾಟರಿ ಇಳಿದು ಬೆಳಕು ಹಳದಿಯಾದರೆ ಮುತ್ತಿನಂಥ ಬೂದು ತಮಟೆಯೂ ರೋಗ ಹಿಡಿದಂತೆ ಕಾಣುತ್ತದೆ. ಅಳುತ್ತಿರುವ ಮಗುವಿನ ತಮಟೆ ಕೆಂಪಾಗಿರುವುದು ಸಹಜ. ಕೆಂಪೊಂದೇ ಸೋಂಕಲ್ಲ, ಹೊರಕ್ಕೆ ಉಬ್ಬಿದೆಯೇ ನೋಡಬೇಕು. ಆಂಟಿಬಯೋಟಿಕ್ ಅನಗತ್ಯವಾಗಿ ಖರ್ಚಾಗುವುದು ಇಲ್ಲೇ.

ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ನೀರು ಹಾಯಿಸುವ ಆತುರ ಬೇಡ. ಕಾಳು ನೀರು ಕುಡಿದು ಉಬ್ಬುತ್ತದೆ. ಬಟನ್ ಬ್ಯಾಟರಿಯಾದರೆ ಕಿವಿಗೆ ಹಾಕುವ ಔಷಧದ ಹನಿಯೂ ಬೇಡ, ನೀರೂ ಬೇಡ. ಅದು ಚರ್ಮ ಸುಡುತ್ತದೆ, ಆ ಕ್ಷಣವೇ ಕಳಿಸಿ.

ಕಲಿತದ್ದನ್ನು ಅಳೆಯಲು ಪ್ರಶ್ನೆಪತ್ರಿಕೆಗಿಂತ ಖಾಲಿ ವೃತ್ತ ವಾಸಿ. ಜೊತೆಗಾರರ ಆರೋಗ್ಯವಂತ ಕಿವಿ ನೋಡಿ ಅದರಲ್ಲಿ ಚಿತ್ರ ಬರೆಯಲಿ: ತಮಟೆಗೆ ಅಂಟಿದ ಸುತ್ತಿಗೆ ಮೂಳೆಯ ಹಿಡಿ, ತಮಟೆಯ ಮೇಲೆ ಪ್ರತಿಫಲಿಸುವ ಬೆಳಕಿನ ತ್ರಿಕೋನ. ಬಲಗಿವಿಯಲ್ಲಿ ಬೆಳಕು ಗಡಿಯಾರದ 5ರ ಕಡೆ, ಎಡಗಿವಿಯಲ್ಲಿ 7ರ ಕಡೆ. ಎರಡೂ ವೃತ್ತದಲ್ಲಿ 5ಕ್ಕೇ ಬರೆದವರು ನೋಡಿ ಬರೆದದ್ದಲ್ಲ, ಪುಸ್ತಕದಿಂದ ಇಳಿಸಿದ್ದು. ಗುಗ್ಗೆ ಅಡ್ಡ ಬಂದು ಏನೂ ಕಾಣದಿದ್ದರೆ 'ತಮಟೆ ಕಾಣಲಿಲ್ಲ' ಎಂದು ಬರೆಯಲು ನಮೂನೆಯಲ್ಲಿ ಒಂದು ಕಾಲಂ ಇರಲಿ. ಅದಿಲ್ಲದ ಕಡೆ ಎಲ್ಲ ಕಿವಿಗಳೂ 'ಸರಿಯಿದೆ' ಎಂದೇ ದಾಖಲಾಗುತ್ತವೆ.