ಮುಗಿದ ತುದಿಯಿಂದ ಗುಂಡಿಯವರೆಗೆ

ಬಸ್ಸಿನಲ್ಲಿ ಕುಳಿತು ನೋಡಿದರೆ ಹೆದ್ದಾರಿ ಕಾಮಗಾರಿ ಎಂದರೆ ತಗಡಿನ ಬೇಲಿ, ಧೂಳು, ‘ನಿಧಾನವಾಗಿ ಚಲಿಸಿ’ ಫಲಕ, ಇಷ್ಟೇ. ನಗರದ ನಡುವೆ ಕಂಬಗಳ ಮೇಲೆ ಏಳುತ್ತಿದ್ದ ಈ ಹೆದ್ದಾರಿಯೂ ನನಗೆ ಅಷ್ಟೇ ಆಗಿತ್ತು. ಅಲ್ಲೇ ಎಂಜಿನಿಯರ್ ಆಗಿರುವ ಹಳೆಯ ಸಹಪಾಠಿಯನ್ನು ಪೀಡಿಸಿ ಪೀಡಿಸಿ, ಒಂದು ಶನಿವಾರ ಹೆಲ್ಮೆಟ್ ಹಾಕಿಕೊಂಡು ಅವನ ಜೊತೆ ನಡೆಯಲು ಹೊರಟೆ. ಕೆಲಸ ಮುಗಿದ ತುದಿಯಿಂದ ಹೊರಟು ಇನ್ನೂ ಅಗೆಯುತ್ತಿರುವ ಕಡೆಗೆ ಹೋಗೋಣ ಎಂದ. ಹಾಗೆ ಹೋದರೆ ಕಟ್ಟಿದ್ದೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಮೇಲೆ ಖಾಲಿ ರಸ್ತೆ. ನಡುಪಟ್ಟಿಯ ಮೇಲೆ ಕೈಬೀಸಿಕೊಂಡು ನಡೆಯುವ ಸುಖ ಇನ್ನು ಕೆಲವೇ ದಿನ. ವಾಹನ ಬಿಟ್ಟ ಮೇಲೆ ಇಲ್ಲಿ ನಡೆಯುವವರಿಗೆ ಜಾಗವಿಲ್ಲ. ರಸ್ತೆಗೆ ಅಡ್ಡಲಾಗಿ ಅಲ್ಲಲ್ಲಿ ಸಂದುಗಳು. ಮೇಲ್ಸೇತುವೆ ದಾಟುವಾಗ ಚಕ್ರದ ಕೆಳಗೆ ‘ಧಡ್ ಧಡ್’ ಎನ್ನುವುದು ಇವೇ. ಕಾಂಕ್ರೀಟೂ ಬಿಸಿಲಿಗೆ ಹಿಗ್ಗುತ್ತದೆ: 30 ಮೀಟರ್ ಉದ್ದದ ಭಾಗ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 9-10 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಸೇತುವೆ ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ, ಬಿರುಕು ಬಿಟ್ಟು.

ಸ್ವಲ್ಪ ಮುಂದೆ ರಸ್ತೆ ನಿಂತೇಹೋಯಿತು. “ಬಗ್ಗು, ತಲೆ ಜೋಪಾನ” ಎನ್ನುತ್ತ ಗೆಳೆಯ ಒಂದು ಕಿಂಡಿಯೊಳಗೆ ನುಗ್ಗಿದ. ನಾವೀಗ ರಸ್ತೆಯ ಹೊಟ್ಟೆಯೊಳಗಿದ್ದೆವು. ಗಟ್ಟಿ ಎಂದುಕೊಂಡಿದ್ದ ಆ ದಪ್ಪ ತೊಲೆ ಒಳಗೆ ಪೂರಾ ಟೊಳ್ಳು, ನೆಟ್ಟಗೆ ನಿಂತು ನಡೆಯಬಹುದಾದಷ್ಟು! ಗಾರೆ ಕೆಲಸದವರು ಬಂದು ಹೋದ ಮನೆಯಂತೆ ಒಳಗೆಲ್ಲ ತಂತಿಯ ತುಂಡು, ಬಕೆಟ್ಟು, ಯಾರದೋ ಹರಿದ ಕೈಗವಸು. ಟಾರ್ಚ್ ಬಿಟ್ಟಾಗ ಗೋಡೆಯಲ್ಲಿ ಎರಡು-ಮೂರು ಮೀಟರಿಗೊಂದು ಗೆರೆ ಕಂಡಿತು. ಗೆರೆಗುಂಟ ಬೂದು ಬಣ್ಣದ ಅಂಟು ಹೊರಗೆ ಉಕ್ಕಿ, ಹನಿ ಹನಿಯಾಗಿ ಗಟ್ಟಿಯಾಗಿತ್ತು.

ಅದು ಎಪಾಕ್ಸಿ. ಈ ತೊಲೆಯನ್ನು ಇಲ್ಲಿ ಎರಕ ಹೊಯ್ದಿಲ್ಲ. ಬೇರೆಡೆ ತುಂಡು ತುಂಡಾಗಿ ಮಾಡಿ ತಂದು ಜೋಡಿಸಿದ್ದಾರೆ. ಒಂದು ತುಂಡಿನ ಮುಖವನ್ನೇ ಅಚ್ಚಾಗಿಟ್ಟುಕೊಂಡು ಅದರ ಪಕ್ಕದ್ದನ್ನು ಹೊಯ್ಯುತ್ತಾರೆ. ಹಾಗಾಗಿ ಪ್ರತಿ ತುಂಡಿಗೂ ಅದರದೇ ನೆರೆಯವನು. ಅದಲು ಬದಲು ಮಾಡಿದರೆ ಕೂಡುವುದಿಲ್ಲ. ಪ್ರತಿಯೊಂದರ ಮೇಲೂ ದಪ್ಪಕ್ಷರದಲ್ಲಿ ನಂಬರು ಬರೆದಿತ್ತು.

“ಮತ್ತೆ ಈ ಅಂಟೇ ಎಲ್ಲವನ್ನೂ ಹಿಡಿದಿಟ್ಟಿದೆಯೇನೋ?”

“ಅಂಟಿನ ಮೇಲೆ ಲಾರಿ ಓಡಿಸ್ತಾರಾ ಯಾರಾದ್ರೂ?” ಎಂದು ನಕ್ಕು, ಗೋಡೆಯಲ್ಲಿದ್ದ ಕೊಳವೆಯ ಬಾಯಿ ತೋರಿಸಿದ. ಅದರೊಳಗೆ ಉಕ್ಕಿನ ಎಳೆಗಳ ಕಂತೆ. ಏಳು ತಂತಿ ಹೊಸೆದ ಒಂದೊಂದು ಎಳೆಯೂ 15.2 ಮಿಲಿಮೀಟರ್ ದಪ್ಪ. ಅದನ್ನು ಜ್ಯಾಕ್ ಹಾಕಿ ಹತ್ತಿರ ಹತ್ತಿರ 20 ಟನ್ ಬಲದಲ್ಲಿ ಎಳೆದು ತುದಿಯಲ್ಲಿ ಬಿಗಿಯುತ್ತಾರೆ. ಕಾಂಕ್ರೀಟು ಅದುಮುವ ಭಾರಕ್ಕೆ ಬಗ್ಗದು, ಎಳೆತಕ್ಕೆ ಮಾತ್ರ ಸೀಳಿಬಿಡುತ್ತದೆ. ಅದಕ್ಕೇ ಬಿಗಿದ ಎಳೆಗಳಿಂದ ಮೊದಲೇ ಅದನ್ನು ಅದುಮಿಟ್ಟುಬಿಡುವುದು. ಫ್ರಾನ್ಸಿನ ಯೂಜೀನ್ ಫ್ರೆಸಿನೆ 1928ರಲ್ಲಿ ಪೇಟೆಂಟ್ ಪಡೆದ ಉಪಾಯವಿದು.

ಮುಂದಿನ ಎರಡು ಕಂಬಗಳ ನಡುವಿನ ಅಂಕಣದಲ್ಲಿ ಅದೇ ಕೆಲಸ ನಡೆದಿತ್ತು. ಒಬ್ಬ ಜ್ಯಾಕಿನ ಒತ್ತಡ ತೋರಿಸುವ ಗೇಜಿನ ಮುಳ್ಳು ನೋಡಿ ಕೂಗುತ್ತಿದ್ದ, ಇನ್ನೊಬ್ಬ ಸ್ಕೇಲ್ ಹಿಡಿದು ಎಳೆ ಎಷ್ಟು ಹಿಗ್ಗಿತು ಎಂದು ಅಳೆಯುತ್ತಿದ್ದ. ಎರಡೂ ಲೆಕ್ಕ ತಾಳೆಯಾಗಬೇಕು. ಆಗದಿದ್ದರೆ ಒಳಗೆಲ್ಲೋ ಎಳೆ ಸಿಕ್ಕಿಕೊಂಡಿದೆ ಇಲ್ಲವೇ ಜಾರಿದೆ. ನಾನು ಚೆನ್ನಾಗಿ ಕಾಣಲೆಂದು ಜ್ಯಾಕಿನ ಹಿಂಬದಿಗೆ ಸರಿದಾಗ ಮೇಸ್ತ್ರಿ, “ಸಾರ್, ಅಲ್ಲಿ ನಿಲ್ಲಬೇಡಿ, ಈ ಕಡೆ ಬನ್ನಿ” ಎಂದು ಗದರಿಯೇಬಿಟ್ಟರು. ಎಳೆ ತುಂಡಾದರೆ ಬಾಣದಂತೆ ಹಾರುವುದು ಆ ದಿಕ್ಕಿಗೇ.

ಅಲ್ಲಿಂದ ಏಣಿ ಇಳಿದು ನೆಲಕ್ಕೆ. ಇಲ್ಲಿ ಬರೀ ಕಂಬಗಳು, ಆಮೇಲೆ ಬರೀ ಸರಳು. ಕೆಳಗಿನ ನೋಟ ನನಗೆ ಹಿಡಿಸಲಿಲ್ಲ. ಮೇಲೆ ಮಿಲಿಮೀಟರ್ ಲೆಕ್ಕ ಹಾಕಿದವರು ಕೆಳಗೆ ಕಾಲುದಾರಿಯನ್ನೇ ಮರೆತಿದ್ದರು. ಕೂಸನ್ನೆತ್ತಿಕೊಂಡ ಹೆಂಗಸೊಬ್ಬರು ಎರಡು ತಗಡುಗಳ ನಡುವಿನ ಕಿಂಡಿಯಲ್ಲಿ ತೂರಿ, ಲಾರಿಗಳ ಮುಂದೆ ಕೈಯೊಡ್ಡುತ್ತ ದಾಟಿದರು. ಒಂದು ಹಗ್ಗ ಕಟ್ಟಿ ದಾರಿ ಬಿಡಲು ಯಾವ ಪೇಟೆಂಟೂ ಬೇಡ. ಗೆಳೆಯನಿಗೆ ಹೇಳಿದೆ. “ನಕ್ಷೆಯಲ್ಲಿದೆ ಕಣೋ” ಎಂದ.

ಕೊನೆಗೆ ಗುಂಡಿ. ಅಡಿಪಾಯಕ್ಕೆ ಕೊರೆದ ಆಳದ ಬಾವಿ, ತುಂಬ ಕೆಸರಿನ ಬಣ್ಣದ ದ್ರವ. ಬೆಂಟೊನೈಟ್ ಜೇಡಿಮಣ್ಣನ್ನು ನೀರಿಗೆ ಕಲಸಿ ತುಂಬಿದರೆ ಮಣ್ಣಿನ ಗೋಡೆ ಕುಸಿಯುವುದಿಲ್ಲ. ಕಾಂಕ್ರೀಟನ್ನು ಮೇಲಿನಿಂದ ಸುರಿಯುವುದಿಲ್ಲ; ಉದ್ದ ಕೊಳವೆಯಲ್ಲಿ ತಳಕ್ಕೇ ಇಳಿಸುತ್ತಾರೆ. ಅದು ಕೆಳಗಿನಿಂದ ಏರುತ್ತ ಬಂದಂತೆ ಆ ದ್ರವ ಮೇಲೆ ಉಕ್ಕಿ ಹೊರಬೀಳುತ್ತದೆ. ಒಮ್ಮೆ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ.

ಅದೇ ಹೊತ್ತಿಗೆ ಗೆಳೆಯನ ಫೋನು ಬಡಿದುಕೊಂಡಿತು. ಕಾಂಕ್ರೀಟಿನ ಮುಂದಿನ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ, ಇದೇ ಕಾಮಗಾರಿಗೆಂದು ರಸ್ತೆ ಕಿರಿದು ಮಾಡಿದ ತಿರುವಿನಲ್ಲಿ. ನನ್ನ ಹೆಲ್ಮೆಟ್ ವಾಪಸು ಇಸಿದುಕೊಳ್ಳುವುದನ್ನೂ ಬಿಟ್ಟು ಅವನು ಆ ಕಡೆ ಓಡಿದ.