ರಿಲೇ ಜೋನ್ ಜಗಳ, ಮೊಬೈಲ್ ವಿಡಿಯೋ

ಯಾದಗಿರಿ ಕಡೆ ವಲಯ ಮಟ್ಟದ ಕೂಟ. 4×100 ರಿಲೇ ಮುಗಿದದ್ದೇ ತಡ, ಇಬ್ಬರು ಪಿಟಿ ಮಾಸ್ತರರು ಟ್ರ್ಯಾಕ್ ಬಿಟ್ಟು ಕದಲಲಿಲ್ಲ. ಜೋನಿನ (ಬ್ಯಾಟನ್ ಕೈಬದಲಿಸಬೇಕಾದ ಜಾಗದ) ಮೊದಲ ಗೆರೆ ದಾಟುತ್ತಲೇ ಬ್ಯಾಟನ್ ಕೈಬದಲಾಗಿದೆ, ಫೌಲ್ ಎಂದು ಒಬ್ಬರ ಹಟ. "ಇಲ್ನೋಡ್ರಿ ಸರ, ಯೂಟ್ಯೂಬಿನ್ಯಾಗೇ ಅದ" ಅಂತ ಮೊಬೈಲ್ ಚಾಚಿದರು. ಅಂಪೈರ್ ಗೆರೆ ನೋಡುತ್ತಾರೆ, ಮೊಬೈಲ್ ನೋಡುತ್ತಾರೆ, ಮತ್ತೆ ಗೆರೆ. ಮುಂದಿನ ಹೀಟ್ಸಿನ ಹುಡುಗರು ಬಿಸಿಲಲ್ಲಿ ಒಣಗುತ್ತಿದ್ದರು.

ವಿಡಿಯೋ ಹಳೆಯದು. ಆಗ ಜೋನ್ 20 ಮೀಟರ್, ಅದರ ಹಿಂದೆ ವೇಗ ಹಿಡಿಯಲು 10 ಮೀಟರ್. ಅಲ್ಲಿ ಬ್ಯಾಟನ್ ಕೊಟ್ಟರೆ ಫೌಲ್. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ 2018-19ರ ನಿಯಮ ಪುಸ್ತಕದಿಂದ ಆ ಹತ್ತೂ ಜೋನಿಗೇ ಸೇರಿ 30 ಆಗಿದೆ. 4×400ಕ್ಕೆ ಮಾತ್ರ ಇಂದಿಗೂ 20. ಯೂಟ್ಯೂಬ್ ಮಾತ್ರ ಹಳೆಯದು, ಹೊಸದು ಎರಡನ್ನೂ ಬೆರೆಸಿ ತೋರಿಸುತ್ತದೆ. ಹುಡುಕುವಾಗ 'ರಿಲೇ ಡ್ರಿಲ್' ಅಂತ ಬಿಡಬೇಡಿ, '30 ಮೀಟರ್ ಜೋನ್' ಸೇರಿಸಿ, ಅಪ್‌ಲೋಡ್ ತಾರೀಖು ನೋಡಿ.

ಖೋ-ಖೋ ರೀಲುಗಳ ಕಾಟ ಬೇರೆ. ಹೆಚ್ಚಿನವು ಅಲ್ಟಿಮೇಟ್ ಖೋ-ಖೋ ಲೀಗಿನವು: ಮ್ಯಾಟ್, 7 ಜನ, ಬೆನ್ನಟ್ಟುವಾಗ ಯಾವ ದಿಕ್ಕಿಗೂ ತಿರುಗಬಲ್ಲ 'ವಜೀರ್' ಎಂಬ ಆಟಗಾರ. ನಮ್ಮ ಮಾಮೂಲಿ 9 ಜನರ ಆಟದಲ್ಲಿ ಬೆನ್ನಟ್ಟುವವನು ಹಿಡಿದ ದಿಕ್ಕು ಬಿಟ್ಟು ಮರಳಿದರೆ ಫೌಲ್. ಕಂಬದ ಬಳಿ ಮೈಚಾಚಿ ಜಿಗಿಯುವ ಪೋಲ್ ಡೈವ್ ಅಂತೂ ಒಣಗಿದ ಎರೆ ಮಣ್ಣಿನಲ್ಲಿ ಬೇಡವೇ ಬೇಡ, ಮೊಣಕೈ ತೊಗಲು ಉಳಿಯುವುದಿಲ್ಲ.

ರೀಲಿನಲ್ಲಿ ಎಡ-ಬಲ ತಿರುವುಮುರುವಾಗಿರುವುದೂ ಉಂಟು. ಜೆರ್ಸಿಯ ಅಕ್ಷರ ಉಲ್ಟಾ ಕಂಡರೆ ಬಲಗೈ ಕಂಡದ್ದು ಎಡಗೈ ಎಂದೇ ತಿಳಿಯಿರಿ. ಬ್ಯಾಟನ್ ಕಲಿಸುವಾಗ ಇದೇ ಕೆಡಿಸುತ್ತದೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೋ ನಿಲ್ಲಿಸಿ ಅಲ್ಪವಿರಾಮ, ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ-ಮುಂದೆ ಸರಿಯುತ್ತದೆ. ಕೈ ಎಷ್ಟು ಎತ್ತರದಲ್ಲಿದೆ, ಬ್ಯಾಟನ್ ಪಡೆಯುವವನು ಹಿಂತಿರುಗಿ ನೋಡುತ್ತಾನೋ ಇಲ್ಲವೋ, ಆಗಷ್ಟೇ ಗೊತ್ತಾಗುವುದು.

ರೀಲಿನಲ್ಲಿ ಒಬ್ಬ ಹುಡುಗ, ಹತ್ತು ಕೋನ್. ನಮ್ಮಲ್ಲಿ 60 ಮಕ್ಕಳು, 40 ನಿಮಿಷದ ಪಿರಿಯಡ್. ಹಾಜರಿಗೆ 5 ಹೋದರೆ ಒಂದೇ ಸಾಲಿನಲ್ಲಿ ಮಗುವಿಗೆ ಅರ್ಧ ನಿಮಿಷ ಸಿಕ್ಕರೆ ಪುಣ್ಯ. ಆರಾರು ಮಕ್ಕಳ ಹತ್ತು ಗುಂಪು ಮಾಡಿ. ಬ್ಯಾಟನ್ ಹತ್ತು ಬೇಕಲ್ಲ? ಹೊರವ್ಯಾಸ 40 ಮಿ.ಮೀ. ಇರುವ ಪಿವಿಸಿ ಪೈಪನ್ನು 29 ಸೆಂ.ಮೀ.ಗೆ ಕತ್ತರಿಸಿ, ತುದಿ ಉಜ್ಜಿ; ನಿಯಮದ ಅಳತೆಗೆ ಸರಿಹೊಂದುತ್ತದೆ. ನೆಲಕ್ಕೆ ಹಾಸಿ ಕಾಲು ಚುರುಕುಗೊಳಿಸುವ ಲ್ಯಾಡರ್‌ಗೆ ಸುಣ್ಣದ ಗೆರೆ ಸಾಕು.

ಮೇಲಿನವರಿಗೆ ಬೇಕಿರುವುದು ದಿನಕ್ಕೊಂದು 'ನಾವೀನ್ಯತೆ' ವಿಡಿಯೋ, ಅದೂ ವಾಟ್ಸಾಪ್ ಗ್ರೂಪಿಗೆ. ಕಳಿಸಲೇಬೇಕೆಂದರೆ ಮಕ್ಕಳ ಮುಖ ಬೀಳದಂತೆ, ಸೊಂಟದಿಂದ ಕೆಳಗೆ ಕಾಲಿನ ಚಲನೆ ಮಾತ್ರ ತೆಗೆಯಿರಿ.